ದೊಡ್ಡಮ್ಮನಿಗೆ ಸುತ್ತಿಕೊಟ್ಟ ಸಿಂಬೆ

ಮೊನ್ನೆ ಕೊರಟಗೆರೆಯಲ್ಲಿ ಸ್ಕೂಲು ಮುಗಿಸಿ ಮಧುಗಿರಿಗೆ ವಾಪಸು ಬರುವಾಗ ಬಸ್ಸಿಗೆ ಯಾರೋ ಹೊಸ ಹುಣಸೆಹಣ್ಣಿನ ಎರಡು ಮೂಟೆ ಹಾಕಿದರು. ನಾನು ಕೂತ ಸೀಟಿನ ಪಕ್ಕಕ್ಕೇ ಒತ್ತಿ ಇಟ್ಟರು. ಸಿಪ್ಪೆ ಬಿಡಿಸದ ಹಣ್ಣು, ಬಿಸಿಲು ಕುಡಿದ ಗೋಣಿ, ಸಿಹಿಯೋ ಹುಳಿಯೋ ಹೇಳಲಾಗದ ಆ ವಾಸನೆ... ಬೇರೆಯವರಿಗಾದರೆ ಬಾಯಲ್ಲಿ ನೀರೂರುತ್ತದೆ. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತೆ. ಸೀಟು ಬಿಟ್ಟು ಮೇಡಂ ಯಾಕೆ ನಿಂತರು ಎಂದು ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ವಾಸನೆ ಅದು. ರಕ್ತಸಂಬಂಧವೇನೂ ಇಲ್ಲ, ಜಾತಿಯೂ ಬೇರೆ. ಅವರು ಲಿಂಗ ಕಟ್ಟಿದವರು, ನಾವು ಮಾಂಸ ತಿನ್ನುವವರು. ಆದರೂ ನಾನು ಮದುವೆಯಾಗಿ ಆ ಬೀದಿಗೆ ಬಂದ ದಿನದಿಂದ ಅವರನ್ನು ದೊಡ್ಡಮ್ಮ ಎಂದೇ ಕರೆದೆ. ಶಿವರಾತ್ರಿಗೆ ಸ್ವಲ್ಪ ಮೊದಲೇ ಅವರ ಮನೆ ಜಗಲಿಗೆ ಹುಣಸೆಹಣ್ಣು ಬಂದು ಬೀಳುತ್ತಿತ್ತು. ಮಂಡಿಯವರು ಮೂಟೆ ಇಳಿಸಿ ಹೋಗುತ್ತಿದ್ದರು. ಬೀದಿಯ ಐದಾರು ಹೆಂಗಸರು ತಮ್ಮ ತಮ್ಮ ಕಲ್ಲು, ಸುತ್ತಿಗೆ ತಂದುಕೊಂಡು ಸಾಲಾಗಿ ಕೂತು ಹಣ್ಣು ಜಜ್ಜಿ, ಬೀಜ ತೆಗೆದು, ನಾರು ಎಳೆಯುತ್ತಿದ್ದರು. ದೊಡ್ಡಮ್ಮನ ಜಾಗ ಕಂಬದ ಬುಡ. ಒಂದು ಕಾಲು ಮಡಿಚಿ, ಇನ್ನೊಂದು ಚಾಚಿ, ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಮತ್ತೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಯುಗಾದಿ ಕಳೆದು ಒಂದು ತಿಂಗಳವರೆಗೂ ಇದೇ. ಊರಿಗೆ ಎರಡು ಬೆಟ್ಟ, ಒಂದು ಅಲ್ಲಿ, ಒಂದು ಈ ಕಂಬದ ಬುಡದಲ್ಲಿ ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಾ ಒಂದು ಹಣ್ಣನ್ನು ನನ್ನ ಮೇಲೆ ಎಸೆಯುತ್ತಿದ್ದರು.

ಆ ಜಗಲಿಯ ಮುಂದೆ ಹಾದುಹೋದವರಿಗೆಲ್ಲ ಒಂದೇ ಮಾತು, "ಬಾ, ಕೂತ್ಕ." ಕರೆಂಟು ಬಿಲ್ಲಿನವನಿಗೂ ಅದೇ, ಜಗಳಕ್ಕೆ ಬಂದವರಿಗೂ ಅದೇ. ಕೂತ ಮೇಲೆ ಯಾರೂ ಅವರ ಹತ್ತಿರ ಜಗಳ ಮುಂದುವರಿಸಿದ್ದನ್ನು ನಾನು ನೋಡಿಲ್ಲ.

ಕಾಯಿಲೆ ಶುರುವಾದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎರಡು ವರ್ಷದಿಂದ ರಕ್ತ ಹೋಗುತ್ತಿತ್ತಂತೆ. ಕಲ್ಲಿನ ಮೇಲೆ ಕೂತು ಕೂತು ಉಷ್ಣವಾಗಿ ಮೂಲವ್ಯಾಧಿ ಬಂದಿದೆ ಎಂದು ತಾವೇ ತೀರ್ಮಾನ ಮಾಡಿಕೊಂಡು, ಮಜ್ಜಿಗೆ, ಮೆಂತ್ಯ ಕುಡಿದುಕೊಂಡು ಇದ್ದರು. ಶಿರಾದ ಕಡೆ ಯಾರೋ ಬೇರು ಕೊಡುತ್ತಾರೆ ಎಂದು ಹೋಗಿ ಅದನ್ನೂ ನುಂಗಿ ಬಂದಿದ್ದರು. ಹೇಳಿಕೊಳ್ಳುವ ಜಾಗವಲ್ಲ ನೋಡಿ... ಕೈಗೋ ಕಾಲಿಗೋ ಬಂದಿದ್ದರೆ ಇಡೀ ಬೀದಿಗೆ ಕರೆದು ತೋರಿಸುತ್ತಿದ್ದ ಹೆಂಗಸು. ಕೊನೆಗೆ ಬಟ್ಟೆ ಒಗೆಯುವಾಗ ಸೊಸೆ ಕಂಡು, ಹೆದರಿಕೊಂಡು ನನ್ನ ಹತ್ತಿರ ಓಡಿ ಬಂದಳು. ಮಗ ಪಾವಗಡದಲ್ಲಿ ಸೋಲಾರ್ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅಲ್ಲಿಂದ ಮುಂದೆ ಆಸ್ಪತ್ರೆಯ ಓಡಾಟಕ್ಕೆಲ್ಲ ನಾನೇ ಜೊತೆಯಾದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಇಂಗ್ಲಿಷ್ ಓದಬಲ್ಲೆ, ಡಾಕ್ಟರ ಎದುರು ಬಾಯಿ ಬರುತ್ತದೆ. ಆ ಮನೆಯವರಿಗೆ ಅಷ್ಟು ಸಾಕಾಗಿತ್ತು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಜಂಬವೇ ಇತ್ತು.

ತುಮಕೂರಿನಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಮಲದ್ವಾರದ ಹತ್ತಿರ ಕ್ಯಾನ್ಸರ್, ಪಕ್ಕಕ್ಕೂ ಹರಡಿದೆ ಎಂದರು. ಮೊದಲು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್. ಕೂರುವ ಜಾಗದ ಒಳಗಿನದನ್ನೆಲ್ಲ ತೆಗೆದುಬಿಡುತ್ತೇವೆ, ಮಲ ಹೋಗಲು ಹೊಟ್ಟೆಗೆ ಚೀಲ ಹಾಕುತ್ತೇವೆ, ಅದು ಕೊನೆಯವರೆಗೂ ಇರುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ಅಷ್ಟು ತೆಗೆದ ಮೇಲೆ ಅಲ್ಲಿ ದೊಡ್ಡ ಕುಳಿ ಉಳಿಯುತ್ತದೆ. ಕರೆಂಟಿಗೆ ಸುಟ್ಟ ಚರ್ಮ ಎಳೆದು ಹೊಲಿದರೂ ಕೂಡಿಕೊಳ್ಳುವುದಿಲ್ಲ. ಅದಕ್ಕೇ ತೊಡೆಯ ಒಳಬದಿಯ ಒಂದು ಉದ್ದನೆಯ ಸ್ನಾಯುವನ್ನು ಬಿಡಿಸಿ, ಪೂರ್ತಿ ಕತ್ತರಿಸದೆ, ರಕ್ತನಾಳ ಇರುವ ತುದಿಯನ್ನು ಹಾಗೇ ಉಳಿಸಿಕೊಂಡು, ಒಳಗಿನಿಂದಲೇ ತಿರುಗಿಸಿ ತಂದು ಆ ಕುಳಿ ತುಂಬಬೇಕು. ಅದಿಲ್ಲದಿದ್ದರೂ ಕಾಲು ನಡೆಯುತ್ತದೆ, ಹೆದರಬೇಡಿ ಎಂದರು.

ವಾರ್ಡಿಗೆ ಬಂದು ನಾನು ನೋಟ್‌ಬುಕ್ಕಿನಲ್ಲಿ ತೊಡೆಯ ಚಿತ್ರ ಬರೆದು, ಬಾಣದ ಗುರುತು ಹಾಕಿ, ಎಂಟನೇ ಕ್ಲಾಸಿಗೆ ಪಾಠ ಮಾಡಿದಂತೆ ವಿವರಿಸಿದೆ. ಮಾಂಸಖಂಡ ಎಂಬ ಮಾತು ಬಂದಾಗ ದೊಡ್ಡಮ್ಮ ಕಣ್ಣರಳಿಸಿ, ಲಿಂಗ ಕಟ್ಟಿದೋರ ಹತ್ರ ಬಂದು ಕಂಡದ ಮಾತಾಡ್ತೀಯಲ್ಲೇ ಎಂದು ನಗಾಡಿದರು. ಆಮೇಲೆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಹೀರೆ ಬಳ್ಳಿನ ಬೇರು ಕೀಳ್ದಂಗೆ ಪಕ್ಕದ ಚಪ್ರಕ್ಕೆ ತಿರುಗ್ಸಕಿಲ್ವಾ, ಅಂಗೆ ಅನ್ನು. ಬೇರಿಗೆ ನೀರು ಹೋಗ್ತಿದ್ರೆ ಬಳ್ಳಿ ಎಲ್ಲಿದ್ರೂ ಬದುಕ್ತೈತೆ."

ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಡಾಕ್ಟರೂ ಹೇಳಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಹುಣಸೆಹಣ್ಣು ಬರೋ ಹೊತ್ತಿಗೆ ಕೂರಬಹುದಾ ಅಂತ. ಬದುಕುತ್ತೀನಾ ಎಂದು ಕೇಳಲಿಲ್ಲ, ಚೀಲ ಹೇಗಿರುತ್ತದೆ ಎಂದೂ ಕೇಳಲಿಲ್ಲ. ಕೂರಬಹುದು ಎಂದು ನಾನೇ ಮಾತು ಕೊಟ್ಟೆ.

ಕಾರ್ತಿಕ ಕಳೆದ ಮೇಲೆ ಆಪರೇಷನ್ ಆಯಿತು. ಅದು ಹೇಗಾಯಿತು, ಅವರು ಎಷ್ಟು ನರಳಿದರು ಎಂಬುದನ್ನು ಬರೆಯುವ ಮನಸ್ಸಿಲ್ಲ. ತೊಡೆಯ ಉದ್ದಕ್ಕೂ ಹೊಲಿಗೆ, ಹೊಟ್ಟೆಯ ಮೇಲೆ ಚೀಲ, ಕೆಳಗೆ ಬೇರೆ ಕಡೆಯಿಂದ ಬಂದ ಮಾಂಸ... ಪಾಪ, ತಮ್ಮ ಮೈ ತಮಗೇ ಹೊಸ ಊರಾಗಿತ್ತು. ಡಿಸ್ಚಾರ್ಜ್ ದಿನ ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಆರು ವಾರ ಕೂರಿಸಲೇಬಾರದು. ಮಗ್ಗುಲಾಗಿ ಮಲಗಬೇಕು, ಇಲ್ಲವೇ ನಿಲ್ಲಬೇಕು, ನಡೆಯಬೇಕು. ಕಾರಿನಲ್ಲೂ ಮಲಗಿಸಿಕೊಂಡೇ ಹೋಗಬೇಕು. ಕೂತರೆ ಭಾರಕ್ಕೆ ಆ ಸ್ನಾಯುವಿನ ರಕ್ತ ನಿಂತುಹೋಗುತ್ತದೆ. ಆರು ವಾರ ಆದ ಮೇಲೂ ಹತ್ತು ನಿಮಿಷದಿಂದ ಶುರುಮಾಡಬೇಕು, ಮೆತ್ತನೆಯ ದಿಂಬು ಹಾಕಬೇಕು. ಕೊನೆಗೆ ಇನ್ನೊಂದು ಮಾತು ಸೇರಿಸಿದರು. ಮೆಡಿಕಲ್ ಶಾಪಿನಲ್ಲಿ ಗಾಳಿ ತುಂಬುವ ರಿಂಗ್ ಕೊಡುತ್ತಾರೆ, ಮೂಲವ್ಯಾಧಿಯವರಿಗೆ, ಅದನ್ನು ಮಾತ್ರ ತಗೋಬೇಡಿ. ಚೀಟಿಯಲ್ಲೂ ಇಂಗ್ಲಿಷಿನಲ್ಲಿ ಅದೇ ಇತ್ತು, ರಿಂಗ್ ಬಳಸಬಾರದು ಎಂದು. ನಾನು ಕೆಂಪು ಪೆನ್ನಿನಲ್ಲಿ ಅದರ ಕೆಳಗೆ ಗೆರೆ ಎಳೆದೆ.

ಆ ಆರು ವಾರ ದೊಡ್ಡಮ್ಮ ಒಂದು ಸಲವೂ ಕೂರಲಿಲ್ಲ. ನಿಂತೇ ಉಂಡರು. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಗೋಡೆಗೆ ಭುಜ ಕೊಟ್ಟು ನಿಂತೇ ಪೂಜೆ ಮಾಡಿದರು. ಪೂಜೆಗೆ ಕೂರದೆ ಇದ್ದದ್ದು ಜೀವಮಾನದಲ್ಲಿ ಇದೇ ಮೊದಲು ಎಂದು ಸೊಸೆಯ ಹತ್ತಿರ ಹೇಳಿ ಅತ್ತರಂತೆ. ನನ್ನ ಎದುರಿಗೆ ಮಾತ್ರ ಶಿಕ್ಷೆ ಕೊಟ್ಟ ಟೀಚರಮ್ಮ ಬಂದ್ಲು ನೋಡು ಎಂದು ತಮಾಷೆ ಮಾಡುತ್ತಿದ್ದರು. ಗಾಯ ಚೆನ್ನಾಗಿ ಕೂಡುತ್ತಿತ್ತು. ತೋರಿಸಲು ಹೋದಾಗ ಡಾಕ್ಟರು ಖುಷಿಪಟ್ಟರು. ಇನ್ನು ಸ್ವಲ್ಪ ಸ್ವಲ್ಪ ಕೂರಬಹುದು ಎಂದರು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಕೊಂಡೇ ದೊಡ್ಡಮ್ಮ ಈ ಸಲ ಯಾರ ತೋಟದ ಹಣ್ಣು ಮೊದಲು ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಮಾರನೇ ದಿನವೇ ದಿಂಬಿನ ಮೇಲೆ ಕೂರಿಸಿ ನೋಡಿದೆವು. ಒತ್ತುತ್ತದೆ, ಹೊಲಿಗೆಯ ಮೇಲೇ ಭಾರ ಬೀಳುತ್ತದೆ ಎಂದು ಮುಖ ಕಿವುಚಿದರು. ಹೊಲಿಗೆಯ ಮೇಲೆ ಭಾರ ಬೀಳಬಾರದಲ್ಲವೇ ಎಂದು ತಲೆ ಓಡಿಸಿದೆ. ಅವರ ಪೆಟ್ಟಿಗೆಯಿಂದ ಮೆತ್ತಗಾದ ಒಂದು ಹಳೆಯ ಹತ್ತಿ ಸೀರೆ ತೆಗೆಸಿ, ಉದ್ದಕ್ಕೆ ಹುರಿ ಮಾಡಿ, ಸುತ್ತಿ ಸುತ್ತಿ ಒಂದು ದಪ್ಪನೆಯ ಸಿಂಬೆ ಮಾಡಿದೆ. ತಲೆಯ ಮೇಲೆ ನೀರಿನ ಕೊಡ ಹೊರುವಾಗ ಕೆಳಗೆ ಇಟ್ಟುಕೊಳ್ಳುತ್ತೇವಲ್ಲ, ಅದೇ ಸಿಂಬೆ, ಸ್ವಲ್ಪ ದೊಡ್ಡದು. ನಮ್ಮಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು, ಗಂಟು ಬಿಚ್ಚದ ಹಾಗೆ ತುದಿಯನ್ನು ಒಳಕ್ಕೆ ಸಿಕ್ಕಿಸುವುದು. ಅದರ ಮೇಲೆ ಕೂರಿಸಿದೆ. ಸುತ್ತ ಆಸರೆ, ನಡುವೆ ಖಾಲಿ, ಹೊಲಿಗೆಗೆ ಏನೂ ತಾಕುವುದಿಲ್ಲ.

ದೊಡ್ಡಮ್ಮನ ಮುಖ ಬಿಚ್ಚಿಕೊಂಡಿತು. "ಇವಾಗ ಸುಖವಾಯ್ತು ಕಣವ್ವ" ಎಂದು ಕಣ್ಣು ಮುಚ್ಚಿದರು.

ನನಗೆ ಆದ ಹೆಮ್ಮೆಯನ್ನು ಹೇಗೆ ಹೇಳಲಿ... ಅಂಗಡಿಯ ರಬ್ಬರ್ ರಿಂಗು ಬೇಡವೆಂದರು, ನಾವು ತರಲಿಲ್ಲ. ಡಾಕ್ಟರ ಮಾತು ಮೀರಲಿಲ್ಲ. ಅದರ ಬದಲು ನಮ್ಮದೇ ಉಪಾಯ, ಶುದ್ಧ ಹತ್ತಿ ಬಟ್ಟೆ. ಈ ಸಮಾಧಾನದಲ್ಲಿ ನಾನು ನಿಶ್ಚಿಂತೆಯಾಗಿ ಸ್ಕೂಲಿಗೆ ಹೋಗಿ ಬರುತ್ತಿದ್ದೆ. ರಿಂಗು ಎಂದರೆ ಗುಲಾಬಿ ಬಣ್ಣದ ರಬ್ಬರಿನದು, ಗಾಳಿ ತುಂಬುವಂಥದ್ದು. ಸಿಂಬೆ ಎಂದರೆ ಸಿಂಬೆ. ಒಂದು ಇಂಗ್ಲಿಷಿನದು, ಒಂದು ಅಡುಗೆಮನೆಯದು. ಎರಡೂ ಒಂದೇ ಆಕಾರ, ಎರಡೂ ಮಾಡುವ ಕೆಲಸ ಒಂದೇ ಎಂಬುದು ಬೋರ್ಡಿನ ಮೇಲೆ ದಿನಾ ವೃತ್ತ ಎಳೆಯುವ ವಿಜ್ಞಾನದ ಟೀಚರಿಗೆ ಹೊಳೆಯಲಿಲ್ಲ.

ಆ ವಾರವೇ ಮೊದಲ ಮೂಟೆಗಳು ಬಂದವು. ಹೆಂಗಸರು ಸೇರಿದರು. ದೊಡ್ಡಮ್ಮ ಸಿಂಬೆ ಹಿಡಿದು ಕಂಬದ ಬುಡಕ್ಕೆ ಬಂದರು. ಹತ್ತು ನಿಮಿಷ ಎಂದದ್ದು ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಒಂದು ಗಂಟೆಯಾಯಿತು. ನೋವೇ ಇಲ್ಲ ಎಂದರು. ತಿರುಗಿಸಿ ತಂದ ಮಾಂಸಕ್ಕೆ ನೋವು ಗೊತ್ತಾಗುವ ನರವೇ ಇರಲಿಲ್ಲ, ಒತ್ತಿದ್ದು ಸುತ್ತಲಿನ ಚರ್ಮಕ್ಕೆ ಮಾತ್ರ ತಿಳಿಯುತ್ತಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಬೀದಿಯಲ್ಲಿ ಹೋಗುವವರಿಗೆಲ್ಲ ಮತ್ತೆ "ಬಾ, ಕೂತ್ಕ" ಶುರುವಾಯಿತು. ಬಂದವರಿಗೆಲ್ಲ ಸಿಂಬೆಯ ಹೊಗಳಿಕೆ, ಟೀಚರಮ್ಮ ಸುತ್ತಿಕೊಟ್ಟಿದ್ದು, ದೊಡ್ಡ ಆಸ್ಪತ್ರೆಯವರಿಗೂ ತಿಳೀಲಿಲ್ಲ ಎಂದು. ಹೀಗೆ ಐದು ದಿನ.

ಆರನೇ ದಿನ ಸೀರೆ ಒದ್ದೆಯಾಗಿತ್ತು. ಕೀವಿನ ವಾಸನೆ ಬಂತು. ಸೊಸೆ ನೋಡಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ನಾನು ಒಳಗೆ ಹೋಗಿ ನೋಡಿದೆ. ಹೊಲಿಗೆ ನಡುವಿನಲ್ಲಿ ಬಾಯಿ ಬಿಟ್ಟಿತ್ತು, ಒಳಗಿನ ಮಾಂಸ ಕಪ್ಪಾಗಿತ್ತು. ಅದೇ ದಿನ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಗಾಯ ಶುಚಿ ಮಾಡಿದ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, ಯಾವುದರ ಮೇಲೆ ಕೂರಿಸಿದ್ದಿರಿ ಎಂದು ಕೇಳಿದರು. ನಾನು ಆಗಲೂ ಉತ್ಸಾಹದಿಂದಲೇ ಹೇಳಿದೆ. ರಿಂಗ್ ತರಲಿಲ್ಲ ಸಾರ್, ಬಟ್ಟೆಯ ಸಿಂಬೆ ಮಾಡಿದ್ದೆ ಎಂದು ಎರಡೂ ಕೈಯಿಂದ ಗುಂಡಗೆ ತೋರಿಸಿದೆ.

ಅವರು ನನ್ನ ಕೈಗಳನ್ನೇ ನೋಡಿದರು. "ಅದೂ ರಿಂಗೇ ಅಲ್ವಾ ಮೇಡಂ?"

ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು. ಸುತ್ತಲೂ ಒತ್ತಿದಾಗ ನಡುವಿನ ಭಾಗ ಜೋತು ಬೀಳುತ್ತದೆ, ಹೊಲಿಗೆ ಎರಡೂ ಕಡೆಗೆ ಎಳೆಯುತ್ತದೆ, ರಕ್ತವೂ ಬರುವುದಿಲ್ಲ, ಅದಕ್ಕೇ ಬೇಡ ಎನ್ನುವುದು ಎಂದು ವಿವರಿಸಿದರು. ನನ್ನ ಮುಖ ನೋಡಿಯೋ ಏನೋ, ಕರೆಂಟು ಕೊಟ್ಟ ಜಾಗ, ಇಲ್ಲದಿದ್ದರೂ ಬಿಚ್ಚಿಕೊಳ್ಳಬಹುದಿತ್ತು, ಅದರಿಂದಲೇ ಎಂದು ಹೇಳಲಾಗದು ಎಂದೂ ಸೇರಿಸಿದರು. ಅವರು ಒಳ್ಳೆಯವರು. ಆ ಮಾತು ಇವತ್ತಿಗೂ ನನಗೆ ಒಂದು ಚೂರೂ ಉಪಯೋಗಕ್ಕೆ ಬಂದಿಲ್ಲ.

ಕಾರಿಡಾರಿನಲ್ಲಿ ಸೊಸೆಗೆ ಎಲ್ಲ ಹೇಳಿಬಿಟ್ಟೆ. ಅವಳು, "ಅತ್ತೆಗೆ ಹೇಳ್ಬ್ಯಾಡಿ ಅಕ್ಕ. ನೀವು ಅಂದ್ರೆ ಜೀವ ಬುಡ್ತಾರೆ" ಎಂದಳು. ಅವಳು ಅತ್ತೆಯ ಸಲುವಾಗಿ ಅಂದಳು. ನಾನು ನನ್ನ ಸಲುವಾಗಿ ಒಪ್ಪಿಕೊಂಡೆ. ಮನೆಗೆ ಬಂದ ದಿನವೇ ಸಿಂಬೆಯನ್ನು ಬಿಚ್ಚಿ, ಸೀರೆಯನ್ನು ಒಗೆದು, ಮಡಿಚಿ ಪೆಟ್ಟಿಗೆಗೆ ಹಾಕಿದೆ.

ಅಲ್ಲಿಂದ ಹನ್ನೊಂದು ತಿಂಗಳು ಮತ್ತೆ ಕೂರುವ ಹಾಗಿರಲಿಲ್ಲ. ತಿರುಗಿಸಿ ತಂದ ಸ್ನಾಯುವಿನ ಅರ್ಧ ಭಾಗ ಸತ್ತುಹೋಗಿತ್ತು, ಕತ್ತರಿಸಿ ತೆಗೆದರು. ಇನ್ನೊಂದು ತೊಡೆಯಿಂದ ತರುವ ಮಾತು ಬಂತು, ಮೈಯಲ್ಲಿ ಶಕ್ತಿಯಿಲ್ಲ ಎಂದು ಬಿಟ್ಟರು. ಗಾಯ ಮುಚ್ಚದೆ ಮುಂದಿನ ಕೀಮೋ ಕೊಡಲು ಆಗಲಿಲ್ಲ. ಗಾಯ ಮುಚ್ಚಲಿಲ್ಲ. ಸೊಸೆ ದಿನಕ್ಕೆ ಎರಡು ಸಲ ಉಪ್ಪುನೀರಲ್ಲಿ ತೊಳೆದು ಬಟ್ಟೆ ತುಂಬುತ್ತಿದ್ದಳು. ಸಂಜೆಯ ಪಾಳಿಗೆ ನಾನು ಹೋಗುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಗಾಯದೊಳಗೇ ಕಾಯಿಲೆ ಮತ್ತೆ ಚಿಗುರಿದೆ ಎಂದು ಹೇಳಿ ಮನೆಗೆ ಕಳಿಸಿದರು.

ಮೊದಮೊದಲು ನೋಡಲು ಬಂದ ಬೀದಿಯ ಹೆಂಗಸರು ಅಭ್ಯಾಸಬಲದಿಂದ, ಬಾ ಕೂತ್ಕ, ಯಾಕೆ ನಿಂತಿದೀಯ ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ದೊಡ್ಡಮ್ಮ ನಿಂತಿರುವಾಗ ತಾವು ಕೂರುವುದು ಹೇಗೆ ಎಂದು ತಾವೂ ನಿಂತು, ಎರಡು ಮಾತಾಡಿ ಹೊರಟುಬಿಡುತ್ತಿದ್ದರು. ನಿಂತುಕೊಂಡು ಎಷ್ಟು ಹೊತ್ತು ಕಷ್ಟಸುಖ ಆಡಲಾಗುತ್ತದೆ? ಬರಬರುತ್ತಾ ಬರುವುದೇ ಕಮ್ಮಿಯಾಯಿತು. ಹಣ್ಣಿನ ಮೂಟೆಗಳು ಹಿಂದಿನ ಬೀದಿಯ ಜಗಲಿಗೆ ಹೋದವು. ಒಂದು ದಿನ ದೊಡ್ಡಮ್ಮ ಕಿಟಕಿಯ ಕಂಬಿ ಹಿಡಿದು ನಿಂತು ಆ ಕಡೆಯಿಂದ ಬರುವ ಕಲ್ಲಿನ ಸದ್ದು ಕೇಳಿಸಿಕೊಳ್ಳುತ್ತಿದ್ದದ್ದನ್ನು ನೋಡಿದೆ. ನಾನು ಬಾಗಿಲಿಂದಲೇ ವಾಪಸು ಬಂದೆ. ನನಗೆ ಅಷ್ಟೂ ಧೈರ್ಯವಿರಲಿಲ್ಲ.

ಕೊನೆಯ ತಿಂಗಳಲ್ಲಿ ನಿಲ್ಲಲೂ ಆಗದೆ ಮಲಗಿಯೇ ಇದ್ದರು. ಒಂದು ಸಂಜೆ ನಾನು ಗಾಯ ತೊಳೆದು, ಬಟ್ಟೆ ಇಟ್ಟು, ಹೊದಿಕೆ ಎಳೆಯುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆ ಸಿಂಬೆ ಎಲ್ಲಿಕ್ಕಿದೀಯವ್ವ? ಒಂದೇ ಒಂದ್ಸಲ ಕೊಡು, ಕೂತ್ಕತೀನಿ."

ಡಾಕ್ಟರು ಬೇಡ ಅಂದಿದ್ದಾರೆ ದೊಡ್ಡಮ್ಮ ಎಂದೆ. ಅವರು ತಲೆಯಾಡಿಸಿದರು.

"ಬುಡು, ಅವ್ರಿಗೇನು ಗೊತ್ತು. ನೀನು ಸುತ್ಕೊಟ್ಟಾಗ ಐದು ದಿನ ಮನುಷ್ಯರಂಗೆ ಕೂತಿದ್ದೆ ಕಣವ್ವ. ಅದೊಂದೇ ನಂಗೆ ಸಿಕ್ಕಿದ್ದು."

ಆಗ ಹೇಳಬೇಕಿತ್ತು. ಬಾಯಿವರೆಗೂ ಬಂದಿತ್ತು. ಆ ಐದು ದಿನವೇ ನಿಮ್ಮನ್ನು ತಿಂದದ್ದು, ಅದನ್ನು ತಂದುಕೊಟ್ಟವಳು ನಾನು ಎಂದು... ಅವರ ಮುಖದಲ್ಲಿ ಆ ಹೊತ್ತಿಗೆ ಉಳಿದಿದ್ದ ಸಂತೋಷ ಅಷ್ಟೇ. ಅದನ್ನು ಕಿತ್ತುಕೊಳ್ಳಬಾರದೆಂದು ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮೇಲೆ ಅವರು ಇಟ್ಟಿದ್ದ ಪ್ರೀತಿ ಹೋಗಿಬಿಟ್ಟರೆ ಎಂದು ಹೆದರಿದ್ದೆ. ನಾಳೆ ಹುಡುಕಿ ಕೊಡ್ತೀನಿ ಎಂದು ಹೇಳಿ ಮನೆಗೆ ಬಂದೆ.

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ, ಸೊಸೆ ಬಂದು ಕರೆದಳು. ಉಸಿರು ನಿಂತು ಸ್ವಲ್ಪ ಹೊತ್ತಾಗಿತ್ತು, ಮೈ ಇನ್ನೂ ಬೆಚ್ಚಗಿತ್ತು. ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಬೀದಿಯಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಆದರೂ ಆ ಬೆಳಿಗ್ಗೆ ನೆನಪೇ ಬಂದಿರಲಿಲ್ಲ. ಮೈ ಸೆಟೆದುಕೊಳ್ಳುವ ಮೊದಲು ಆಗಬೇಕೆಂದು ಕ್ರಿಯೆ ಮಾಡಿಸುವ ಅಯ್ಯನವರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಹೆಂಗಸರು ನಾಲ್ಕು ಜನ ಸೇರಿ ಸ್ನಾನ ಮಾಡಿಸಿದೆವು. ಸೊಸೆ ಕೊನೆಯ ಸಲ ಗಾಯಕ್ಕೆ ಬಟ್ಟೆ ತುಂಬಿದಳು, ಅಷ್ಟೇ ನಿಧಾನವಾಗಿ, ಅಷ್ಟೇ ಎಚ್ಚರಿಕೆಯಿಂದ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿದರು.

"ಕೂರ್ಸ್ರವ್ವ" ಎಂದರು ಅಯ್ಯನವರು.

ಬೇಡ, ಕೂರಿಸಬೇಡಿ ಎಂದು ನನಗೆ ಕೂಗಬೇಕೆನಿಸಿತು. ಮಗ ನನ್ನ ಕಡೆ ನೋಡಿ, ಅಕ್ಕ ಬೆನ್ನು ಹಿಡ್ಕಳಿ ಎಂದ. ಹಿಡಿದುಕೊಂಡೆ. ಕಾಲುಗಳನ್ನು ಮಡಿಚಿ, ಚಕ್ಕಳಮಕ್ಕಳ ಹಾಕಿಸಿ, ಬರಿಯ ಚಾಪೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದೆವು. ಹನ್ನೊಂದು ತಿಂಗಳಾದ ಮೇಲೆ ದೊಡ್ಡಮ್ಮ ಕೂತರು. ತಲೆ ಬಾಗದಂತೆ ಬಟ್ಟೆ ಕಟ್ಟಿ ಗೂಟಕ್ಕೆ ಬಿಗಿದರು. ಎಡಗೈ ಬಿಡಿಸಿ ಲಿಂಗ ಇಟ್ಟರು. ಸುದ್ದಿ ತಿಳಿದು ಬೀದಿಯ ಹೆಂಗಸರೆಲ್ಲ ಬಂದರು, ಒಬ್ಬೊಬ್ಬರಾಗಿ ಅವರ ಸುತ್ತ ಕೂತರು, ಮಧ್ಯಾಹ್ನದವರೆಗೂ ಯಾರೂ ಏಳಲಿಲ್ಲ.

ಇದಾಗಿ ಎರಡು ವರ್ಷ ತುಂಬಿತು. ಮಗ, ಸೊಸೆ ಪಾವಗಡಕ್ಕೇ ಹೋಗಿ ನೆಲೆಸಿದರು. ಮೊನ್ನೆ ಬಸ್ಸಿಳಿದು ಬಂದು ಸೊಸೆಗೆ ಫೋನ್ ಮಾಡಿದೆ. ಹವೆ, ನೀರು, ಅವಳ ಮಗುವಿನ ಸ್ಕೂಲು ಎಂದು ಏನೇನೋ ಆಡಿ ಇಟ್ಟೆವು. ಅವಳಿಗೂ ನನಗೂ ಮಾತ್ರ ಗೊತ್ತಿರುವ ವಿಷಯವನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಇವತ್ತು ಬರೆದೆ. ಇದರಿಂದ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಆಗಿಲ್ಲ. ಓದುವವರು ಯಾರೋ ಓದುತ್ತಾರೆ, ಕ್ಷಮಿಸುವವರು ಕ್ಷಮಿಸುತ್ತಾರೆ. ಕೇಳಿಸಿಕೊಳ್ಳಬೇಕಿದ್ದವರು ಒಬ್ಬರೇ ಇದ್ದರು. ತಪ್ಪಾಯಿತು ದೊಡ್ಡಮ್ಮ ಎಂದು ಹೇಳಲು ನನಗೆ ಹನ್ನೊಂದು ತಿಂಗಳಿತ್ತು, ದಿನಾ ಸಂಜೆ ಅವರ ಮನೆಗೆ ಹೋಗುತ್ತಿದ್ದೆ.